ಕಾಣಿಕೆ ಹಾಕುತ್ತೇನೆ, ಆದರೆ ಆ ಮನೆಯೊಳಗೆ ಹೋಗಲು ಆಗುತ್ತಿಲ್ಲ. ನನ್ನ ನಂಬಿಕೆ ನನ್ನಿಂದ ಏನು ಕೇಳುತ್ತಿದೆ?

ದಾವಣಗೆರೆ_ಓದುಗಿ:

ಎಲ್ಲರಿಗೂ ವಂದನೆಗಳು. ಇಲ್ಲಿ ಓದುತ್ತಾ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 36 ವರ್ಷ. ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹುಟ್ಟಿದ್ದೇ ಕ್ರೈಸ್ತ ಮನೆಯಲ್ಲಿ. ಭಾನುವಾರದ ಆರಾಧನೆ ತಪ್ಪಿಸಿದ್ದು ಕಡಿಮೆ. ಸಂಬಳ ಬಂದ ದಿನವೇ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ದೇವರಿಗೆ ಅಂತ ತೆಗೆದಿಡುತ್ತೇನೆ. ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ.

ಹೋದ ತಿಂಗಳು ಮಕ್ಕಳಿಗೆ ಒಳ್ಳೇ ಸಮಾರ್ಯದವನ ಸಾಮ್ಯ ಹೇಳಿದೆ. ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಬೇರೆ ಜನಾಂಗದ ಸಮಾರ್ಯದವನೊಬ್ಬ ಆರೈಕೆ ಮಾಡಿದ ಅಂತ ಯೇಸು ಹೇಳಿದ ಕತೆ ಅದು. ಕತೆ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಟೀಚರ್, ನಿಮಗೆ ಯಾರಾದ್ರೂ ಹಂಗೆ ದಾರೀಲಿ ಬಿದ್ದಿರೋರು ಸಿಕ್ಕಿದ್ರಾ?" ನಾನು "ಇಲ್ಲಪ್ಪ" ಅಂದೆ. ಅದು ಸುಳ್ಳು.

ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಇಸ್ತ್ರಿ ಅಜ್ಜ ಇದ್ದಾರೆ. ಇಪ್ಪತ್ತು ವರ್ಷದಿಂದ ಅದೇ ಬೇವಿನ ಮರದ ಕೆಳಗೆ ಗಾಡಿ, ಇದ್ದಿಲ ಪೆಟ್ಟಿಗೆ. ನನ್ನ ಶಾಲೆಯ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದು ಅವರೇ. ಎಂಟು ತಿಂಗಳ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಸ್ಪಷ್ಟವಿಲ್ಲ. ಮಕ್ಕಳಿಲ್ಲ. ಅಜ್ಜಿ ಎರಡು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು, ಈಗ ಒಂದು ಮನೆ ಬಿಟ್ಟಿದ್ದಾರೆ.

ವಿಷಯ ಗೊತ್ತಾದ ವಾರ ಕವರಿನಲ್ಲಿ 2,000 ರೂಪಾಯಿ ಹಾಕಿಕೊಂಡು ಹೋದೆ. ಒಳಗೆ ಕಾಲಿಟ್ಟ ತಕ್ಷಣ ವಾಸನೆ. ತಡೆಯಲು ಆಗಲಿಲ್ಲ. ಕವರನ್ನು ಅಜ್ಜಿಯ ಕೈಗಿಟ್ಟು ಎರಡು ನಿಮಿಷದಲ್ಲಿ ಹೊರಗೆ ಬಂದೆ. ಅವರು "ಕೂತ್ಕೋ ತಾಯಿ, ಚಾ ಇಡ್ತೀನಿ" ಅನ್ನುತ್ತಲೇ ಇದ್ದರು. ಅವತ್ತಿನಿಂದ ಆ ಮೂಲೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಬಸ್ ಸ್ಟಾಪಿಗೆ ಹೋಗುತ್ತೇನೆ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆದಿದ್ದೇನೆ.

ಸಭೆಯ ಹಿರಿಯರೊಬ್ಬರ ಹತ್ತಿರ ಮಾತಾಡಿದೆ. "ಅವರು ನಮ್ಮ ಸಭೆಯವರಲ್ಲವಲ್ಲಮ್ಮಾ. ಪ್ರಾರ್ಥನೆ ಪಟ್ಟಿಗೆ ಹೆಸರು ಸೇರಿಸೋಣ" ಅಂದರು. ಈಗ ಚರ್ಚಿನ ಹೊಸ ಕಮಾನಿಗೆ ಹಣ ಸೇರಿಸುವ ಓಡಾಟ ಬೇರೆ ಇದೆ. ನನ್ನ ಗೆಳತಿ ಕೇಳಿದರೆ, "ರಕ್ಷಣೆ ನಂಬಿಕೆಯಿಂದ, ಕ್ರಿಯೆಯಿಂದ ಅಲ್ಲ. ನೀನು ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅನ್ನುತ್ತಾಳೆ.

ನನ್ನ ಪ್ರಶ್ನೆ ಎರಡು. ಕೊಡುವುದು ಕೊಟ್ಟಾಗಿದೆ, ಪ್ರಾರ್ಥನೆಯೂ ಮಾಡುತ್ತೇನೆ. ಆದರೂ ಇದು ಯಾಕೆ ನನ್ನನ್ನು ಬಿಡುತ್ತಿಲ್ಲ? ಇನ್ನೊಂದು, ಹೋದರೂ ನಾನು ಏನು ಮಾಡಲಿ? ನಾನು ನರ್ಸ್ ಅಲ್ಲ, ನನಗೆ ಏನೂ ಬರುವುದಿಲ್ಲ.


ನಿವೃತ್ತ_ಸಿಸ್ಟರ್_ಗದಗ:

ತಂಗಿ, ವಾಸನೆಯಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ಮುಚ್ಚಿಡದೆ ಬರೆದಿರಲ್ಲ, ಅದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ನಾನು 38 ವರ್ಷ ನರ್ಸ್ ಆಗಿದ್ದೆ. ತರಬೇತಿ ಆಗಿದ್ದು ಬೆಟಗೇರಿಯಲ್ಲಿ, ಬಾಸೆಲ್ ಮಿಷನ್‌ನವರು ಶುರು ಮಾಡಿದ ಆಸ್ಪತ್ರೆಯಲ್ಲಿ. ಸುತ್ತಲಿನ ಹಳ್ಳಿಯವರು ಇವತ್ತಿಗೂ ಅದನ್ನು ಜರ್ಮನ್ ಆಸ್ಪತ್ರೆ ಅನ್ನುತ್ತಾರೆ. ಮೊದಲ ತಿಂಗಳು ವಾರ್ಡಿನಿಂದ ಓಡಿಬಂದು ವಾಂತಿ ಮಾಡಿಕೊಂಡವಳು ನಾನು. ಮೂಗು ನಮ್ಮ ಮಾತು ಕೇಳುವುದಿಲ್ಲ. ಅದು ಪಾಪವಲ್ಲ.

ಹಾಸಿಗೆ ಹಿಡಿದವರ ಮನೆಯಲ್ಲಿ ವಾಸನೆ ಸಾಮಾನ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಒದ್ದೆಯಾದ ಬಟ್ಟೆ, ತೊಳೆಯದ ಬಾಯಿ, ಬೆನ್ನಿನ ಹುಣ್ಣು. ಮೂರಕ್ಕೂ ಕೆಲಸ ಇದೆ. ಬಟ್ಟೆ ಬದಲಿಸಬೇಕು. ಸ್ವಚ್ಛವಾದ ಮೆತ್ತನೆ ಬಟ್ಟೆ ಒದ್ದೆ ಮಾಡಿ ಹಲ್ಲು, ವಸಡು, ನಾಲಿಗೆ ಒರೆಸಬೇಕು. ಹುಣ್ಣಿದ್ದರೆ ಡಾಕ್ಟರಿಗೆ ತೋರಿಸಬೇಕು. ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ ಒಬ್ಬರೇ ಇದನ್ನೆಲ್ಲ ಮಾಡುತ್ತಾ, ಜೊತೆಗೆ ಇನ್ನೊಬ್ಬರ ಮನೆಯ ಪಾತ್ರೆಯನ್ನೂ ತೊಳೆದರೆ, ಯಾವುದಾದರೂ ಒಂದು ಉಳಿದೇ ಉಳಿಯುತ್ತದೆ. ನಿಮ್ಮ ಮೂಗಿಗೆ ಬಡಿದದ್ದು ಆ ಅಜ್ಜಿಯ ಸುಸ್ತು.

ಈಗ ನೀವು ಮಕ್ಕಳಿಗೆ ಹೇಳಿದ ಸಾಮ್ಯಕ್ಕೆ ಬನ್ನಿ. ನಾನು ಅದನ್ನು ನರ್ಸಿನ ಕಣ್ಣಿನಿಂದ ಓದುತ್ತೇನೆ, ತಪ್ಪಿದ್ದರೆ ತಿದ್ದಿ. ಬೈಬಲ್ಲಿನ ಲೂಕ 10ರಲ್ಲಿ ಸಮಾರ್ಯದವನು ಕನಿಕರಪಟ್ಟನು ಅಂತ ಇದೆ. ಗ್ರೀಕಿನಲ್ಲಿ ಆ ಮಾತು ಹುಟ್ಟಿರುವುದೇ ಕರುಳಿನಿಂದ ಅಂತ ನಮ್ಮ ಸಭಾಪಾಲಕರೊಬ್ಬರು ಹೇಳಿಕೊಟ್ಟಿದ್ದರು. ನಾವೂ ಕರುಳು ಚುರುಕ್ ಅಂತು ಅನ್ನುತ್ತೇವೆ, ಅಲ್ವಾ? ಆದರೆ ಕರುಳಿನ ಮಾತು ಒಂದೇ ಸಲ ಬರುತ್ತದೆ. ಆಮೇಲೆ ಬರೀ ಕೆಲಸ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದ. ದ್ರಾಕ್ಷಾರಸ ತೊಳೆಯುವುದಕ್ಕೆ, ಎಣ್ಣೆ ಉರಿ ತಗ್ಗಿಸುವುದಕ್ಕೆ. ಅವತ್ತಿನ ಡ್ರೆಸ್ಸಿಂಗ್ ಅದೇ. ಬಟ್ಟೆ ಕಟ್ಟಿದ. ತಾನು ಇಳಿದು ಅವನನ್ನು ತನ್ನ ಪ್ರಾಣಿಯ ಮೇಲೆ ಹತ್ತಿಸಿದ. ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ.

ಆಮೇಲಿನ ವಾಕ್ಯ "ಮರುದಿನ" ಅಂತ ಶುರುವಾಗುತ್ತದೆ. ಅಂದರೆ ಆ ರಾತ್ರಿ ಅವನು ಅಲ್ಲೇ ಇದ್ದ. ನಾನು ಕೇಳಿದ ಪ್ರಸಂಗಗಳಲ್ಲಿ ಆ ರಾತ್ರಿಯ ಮಾತನ್ನು ಯಾರೂ ಎತ್ತಿಲ್ಲ. ಪೆಟ್ಟು ತಿಂದವನ ಮೊದಲ ರಾತ್ರಿ ಹೇಗಿರುತ್ತದೆ ಅಂತ ನೈಟ್ ಡ್ಯೂಟಿ ಮಾಡಿದವರಿಗೆ ಗೊತ್ತು. ನೀರು ಕೇಳುತ್ತಾರೆ, ನಡುಗುತ್ತಾರೆ, ಎಲ್ಲಿದ್ದೇನೆ ಅಂತ ಹತ್ತು ಸಲ ಕೇಳುತ್ತಾರೆ. ಬೆಳಗ್ಗೆ ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಆ ಕಾಲದಲ್ಲಿ ಒಂದು ನಾಣ್ಯ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಕೊಟ್ಟು, ಹೆಚ್ಚು ಖರ್ಚಾದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ ಅಂದ.

ತಿರುಗಿ ಬಂದಾಗ. ತಂಗಿ, ನಿಮ್ಮನ್ನು ಬಿಡದೆ ಕಾಡುತ್ತಿರುವುದು ಈ ಮಾತೇ ಇರಬೇಕು. ನೀವು ಹಣ ಕೊಟ್ಟಿದ್ದೀರಿ, ಅದು ದೊಡ್ಡದೇ. ಆದರೆ ತಿರುಗಿ ಹೋಗಿಲ್ಲ.

ನಿಮ್ಮ ಗೆಳತಿಯ ಮಾತು ಸುಳ್ಳಲ್ಲ. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದ 8, 9ನೇ ವಚನದಲ್ಲಿ ಅದೇ ಇದೆ. ಹತ್ತನೇ ವಚನವನ್ನೂ ಓದಲು ಹೇಳಿ. ದೇವರು ನಮ್ಮನ್ನು ಉಂಟುಮಾಡಿದ್ದೇ ಒಳ್ಳೇ ಕೆಲಸಗಳಿಗಾಗಿ ಅಂತ ಅಲ್ಲಿದೆ. ಬೈಬಲ್ಲಿನ ಇನ್ನೊಂದು ಪತ್ರ ಬರೆದ ಯಾಕೋಬನಂತೂ ಬಹಳ ನೇರ. ಬಟ್ಟೆಯಿಲ್ಲದವನಿಗೆ, ಊಟವಿಲ್ಲದವನಿಗೆ ಬೆಚ್ಚಗಿರು, ಹೊಟ್ಟೆ ತುಂಬಾ ತಿನ್ನು ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅನ್ನುತ್ತಾನೆ. ನಿಮ್ಮ ಹಿರಿಯರ ಪ್ರಾರ್ಥನೆ ಪಟ್ಟಿಯ ಮಾತು ಓದಿದಾಗ ನನಗೆ ಆ ವಚನ ನೆನಪಾಗಿ ಸಂಕಟವಾಯಿತು. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ನಾನು ಪ್ರಾರ್ಥನೆ ಇಲ್ಲದೆ ಒಂದು ಶಿಫ್ಟೂ ಮಾಡಿಲ್ಲ.

ನನಗೆ ಏನೂ ಬರುವುದಿಲ್ಲ ಅಂದಿರಿ. ಮತ್ತಾಯ 25 ತೆಗೆದು ನೋಡಿ. ಕಷ್ಟದಲ್ಲಿರುವವರಿಗೆ ಮಾಡಿದ್ದು ನನಗೇ ಮಾಡಿದ್ದು ಅಂತ ಕರ್ತನು ನೀತಿವಂತರಿಗೆ ಹೇಳುವುದು ಅಲ್ಲಿದೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಜಾಗ, ಬಟ್ಟೆ. ರೋಗಿಯ ವಿಷಯಕ್ಕೆ ಬಂದಾಗ ವಾಸಿ ಮಾಡಿದಿರಿ ಅಂತ ಇಲ್ಲ, ನೋಡಿಕೊಂಡಿರಿ ಅಂತಿದೆ. ಸೆರೆಮನೆಯವನನ್ನು ಬಿಡಿಸಿದಿರಿ ಅಂತ ಇಲ್ಲ, ನೋಡಲು ಬಂದಿರಿ ಅಂತಿದೆ. ನಿಮ್ಮಿಂದ ಆಗದ್ದನ್ನು ಕರ್ತನು ಕೇಳುತ್ತಿಲ್ಲ.

ಕಲಿಯಬಹುದಾದದ್ದನ್ನು ಮಾತ್ರ ಕಲಿಯಿರಿ. ವೆಲ್ಲೂರಿನ ಐಡಾ ಸ್ಕಡರ್ ಹೆಸರು ಕೇಳಿರುತ್ತೀರಿ. ಅವರು ಹುಡುಗಿಯಾಗಿದ್ದಾಗ ತಮಿಳುನಾಡಿನ ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಬಾಗಿಲು ಬಡಿದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಐಡಾ ಅವರ ತಂದೆ ಡಾಕ್ಟರು, ಆದರೆ ಗಂಡಸು ಡಾಕ್ಟರು ಬೇಡ ಅಂದರು. ಐಡಾಗೆ ಏನೂ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆಕೆ ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ 1900ರಲ್ಲಿ ತಿರುಗಿ ಬಂದರು. ವೆಲ್ಲೂರಿನಲ್ಲಿ ಆಸ್ಪತ್ರೆ ಶುರು ಮಾಡಿದ್ದು ಒಂದೇ ಹಾಸಿಗೆಯಿಂದ. ಇವತ್ತು ಕೋಲಾರದ ಕಡೆಯವರೂ ಬೆಂಗಳೂರಿನವರೂ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾರೆ. ನೀವು ಆಸ್ಪತ್ರೆ ಕಟ್ಟಬೇಕಿಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿಯುವಂಥದ್ದು ಸಾಕು.

ಅಜ್ಜನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಲಗೈ ಹಿಡಿದು ಎಳೆಯಬೇಡಿ, ಸತ್ವ ಇಲ್ಲದ ಭುಜ ಜಾರುತ್ತದೆ. ಸೊಂಟದ ಹತ್ತಿರ, ಭುಜದ ಹಿಂದೆ ಕೈಕೊಟ್ಟು ಉರುಳಿಸಿ. ಬೆನ್ನಿನ ಕೆಳಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಇಷ್ಟು ಕಡೆ ದಿನವೂ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಕೆಂಪು ಹೋಗದೆ ಹಾಗೇ ನಿಂತಿದ್ದರೆ ಹುಣ್ಣು ಶುರುವಾಗಿದೆ ಅಂತ. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ. ನಮ್ಮ ಕಡೆ ಎಲ್ಲರೂ ಅದೇ ತಪ್ಪು ಮಾಡುತ್ತಾರೆ, ತಿಕ್ಕಿದರೆ ಒಳಗೆ ಇನ್ನೂ ಹಾಳಾಗುತ್ತದೆ. ಮಲಗಿಸಿ ಊಟ ಕೊಡಬೇಡಿ. ನೇರ ಕೂರಿಸಿ, ಗಟ್ಟಿ ಗಂಜಿಯಂಥದ್ದು, ಚಿಕ್ಕ ಚಮಚ, ಎಡಗಡೆ ಕೆನ್ನೆಯೊಳಗೆ. ಉಂಡ ಮೇಲೆ ಅರ್ಧ ಗಂಟೆ ಹಾಗೇ ಕೂತಿರಲಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು. ಹೋದ ಕೂಡಲೇ ಸೆರಗು ಕಟ್ಟಿ ಕೆಲಸಕ್ಕೆ ಇಳಿಯಬೇಡಿ. ಮೊದಲು ಆ ಚಹಾ ಕುಡಿಯಿರಿ.

ಇದನ್ನು ನಾನು ಕಲಿತದ್ದು ಹೇಗೆ ಅಂದರೆ, ಎರಡನೇ ವರ್ಷದಲ್ಲಿದ್ದಾಗ ರೋಣದ ಕಡೆಯ ಒಬ್ಬ ಮುದುಕಿಗೆ ದಿನಾ ಕಾಲಿನ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಕೈ ಚುರುಕು, ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಆಕೆ ಗಂಟಿನಿಂದ ಶೇಂಗಾ ತೆಗೆದು ಕೊಡಲು ಬಂದರೆ "ಬ್ಯಾಡ ಅಮ್ಮ" ಅಂದು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ನಮ್ಮ ಮೇಟ್ರನ್ ನೋಡಿ ಒಂದು ದಿನ ಸ್ಟೂಲು ಎಳೆದು ತಂದಿಟ್ಟರು. "ಕೂತ್ಕೊ. ಶೇಂಗಾ ತಿನ್ನು. ಆಮೇಲೆ ಕಟ್ಟು ಬಿಚ್ಚು" ಅಂದರು. ಕೂತೆ. ಆ ಮುದುಕಿ ಅವತ್ತು ಮೊದಲ ಸಲ ತನ್ನ ಮಗಳ ವಿಷಯ ಹೇಳಿದಳು. ಹದಿನೈದು ದಿನ ನಾನು ಅವಳ ಕಾಲನ್ನು ಮಾತ್ರ ನೋಡಿದ್ದೆ.

ಯೋಹಾನ 4ರಲ್ಲಿ ಸಮಾರ್ಯದ ಹೆಂಗಸಿನ ಹತ್ತಿರ ಯೇಸು ಮೊದಲು ಆಡಿದ ಮಾತು ಏನು ನೋಡಿ. ನನಗೆ ಕುಡಿಯಲು ಕೊಡು. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳದ ಕಾಲ. ಕೊಡಲು ಬಂದವನು ಮೊದಲು ಬೇಡಿದ. ಯಾರ ಮನೆಯಲ್ಲಿ ಯಾರು ನೀರು ಕುಡಿಯುತ್ತಾರೆ ಅನ್ನುವುದು ನಮ್ಮ ಊರುಗಳಲ್ಲಿ ಇವತ್ತಿಗೂ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಚರ್ಚಿನೊಳಗೂ ಅದು ಪೂರ್ತಿ ಹೋಗಿಲ್ಲ. ಆ ಅಜ್ಜಿ ಕರೆದಾಗ ನೀವು ಎದ್ದು ಬಂದದ್ದನ್ನು ಅವರು ಯಾವ ರೀತಿ ತಿಳಿದುಕೊಂಡಿರಬಹುದು ಅಂತ ಒಂದು ಸಲ ಯೋಚಿಸಿ. ವಾಸನೆಗೆ ಅಂತ ಅವರಿಗೆ ಗೊತ್ತಾಗಿರುವುದಿಲ್ಲ.

ಹೋಗಿ ಬಂದು ಬರೆಯಿರಿ. ಕಾಯುತ್ತಿರುತ್ತೇನೆ.


ಕುಡ್ಲದ_ವಿನ್ಸೆಂಟಿಯನ್:

ಸಿಸ್ಟರ್ ಬರೆದ ಮೇಲೆ ನಾನು ಹೇಳುವುದು ಜಾಸ್ತಿ ಇಲ್ಲ. ಆದರೆ ಆ ಹುಡುಗನ ಪ್ರಶ್ನೆ ಓದಿ ನನಗೆ ಪ್ಯಾರಿಸ್ ನೆನಪಾಯಿತು.

ನಾನು ಮಂಗಳೂರಿನ ಕಥೋಲಿಕ. ಹದಿನಾರು ವರ್ಷದಿಂದ ನಮ್ಮ ಇಗರ್ಜಿಯ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯಲ್ಲಿ ಇದ್ದೇನೆ, ಬಡವರಿಗೆ ನೆರವಾಗುವ ಸಂಘ ಅದು. ಇದು ಶುರುವಾದದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ಫ್ರೆಡರಿಕ್ ಓಝನಾಮ್ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ. ಕ್ರೈಸ್ತ ಧರ್ಮ ಲೋಕಕ್ಕೆ ಏನೆಲ್ಲ ಒಳ್ಳೆಯದು ಮಾಡಿದೆ ಅಂತ ಚರ್ಚಾಕೂಟದಲ್ಲಿ ವಾದ ಮಾಡುತ್ತಿದ್ದರು. ಎದುರು ಪಕ್ಷದವರು ಕೇಳಿದ್ದು ಹೆಚ್ಚುಕಡಿಮೆ ಆ ಹುಡುಗನ ಪ್ರಶ್ನೆಯೇ. ಹಿಂದೆ ಮಾಡಿರಬಹುದು, ಈಗ ನೀವು ಏನು ಮಾಡುತ್ತಿದ್ದೀರಿ? ಓಝನಾಮ್ ಮತ್ತು ಒಬ್ಬ ಗೆಳೆಯ ತಮ್ಮ ಚಳಿಗಾಲದ ಸೌದೆಯಲ್ಲಿ ಉಳಿದದ್ದನ್ನು ಒಂದು ಬಡ ಮನೆಗೆ ಹೊತ್ತುಕೊಂಡು ಹೋದರು. ಬಡವರ ಬೀದಿಗಳಲ್ಲಿ ಮನೆಮನೆಗೆ ಹೋಗುವುದು ಹೇಗೆ ಅಂತ ಹೇಳಿಕೊಟ್ಟವರು ರೊಸಾಲಿ ರೆಂಡು ಎಂಬ ಧರ್ಮಭಗಿನಿ.

ನಮ್ಮಲ್ಲಿ ಇಂದಿಗೂ ಮುಖ್ಯ ಕೆಲಸ ಮನೆ ಭೇಟಿ. ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತೇವೆ. ಇದು ನಿಮಗೆ ಉಪಯೋಗಕ್ಕೆ ಬರಬಹುದು. ಒಬ್ಬರಿಗೆ ಧೈರ್ಯ ಹೋದರೆ ಇನ್ನೊಬ್ಬರು ಇರುತ್ತಾರೆ. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಮಾತು ಕೇಳಬಹುದು. ರಕ್ಷಣೆಯ ವಿಷಯ ಮಾತಾಡಿದ ನಿಮ್ಮ ಗೆಳತಿಯನ್ನೇ ಕರೆದುಕೊಂಡು ಹೋಗಿ ನೋಡಿ.

ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಬೀಡಿ ಕಟ್ಟುವ ಒಬ್ಬ ವಿಧವೆಯ ಮನೆಗೆ ಆರು ತಿಂಗಳು ಅಕ್ಕಿ, ಬೇಳೆ, ಎಣ್ಣೆ ತಲುಪಿಸಿದೆವು. ಬಾಗಿಲಲ್ಲೇ ಕೊಟ್ಟು ಬರುತ್ತಿದ್ದೆವು, ಮಳೆಗಾಲ ಬೇರೆ. ಏಳನೇ ತಿಂಗಳು ಒಳಗೆ ಕೂತಾಗ ಗೊತ್ತಾಯಿತು, ಆಕೆಗೆ ರೇಷನ್ ಕಾರ್ಡ್ ಇದೆ, ಅಕ್ಕಿ ಮಾತ್ರ ಸಿಗುತ್ತಿಲ್ಲ. ವರ್ಷಗಟ್ಟಲೆ ಬೀಡಿ ಸುತ್ತಿ ಬೆರಳಿನ ಗೆರೆ ಸವೆದುಹೋಗಿದೆ. ಅಂಗಡಿಯ ಯಂತ್ರ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಪ್ರತಿ ಸಲ ನಾಳೆ ಬಾ ಅನ್ನುತ್ತಾರೆ, ಒಂದು ದಿನ ಹೋದರೆ ಅಷ್ಟು ಬೀಡಿ ತಪ್ಪುತ್ತದೆ. ನನ್ನ ಜೊತೆಗಾರರು ಒಂದು ಬೆಳಗ್ಗೆ ಆಕೆಯ ಜೊತೆ ಅಂಗಡಿಯಲ್ಲಿ ನಿಂತರು, ಆಮೇಲೆ ಆಹಾರ ಇಲಾಖೆಗೆ ಹೋದರು. ಆಧಾರಿಗೆ ಮೊಬೈಲ್ ನಂಬರ್ ಸೇರಿಸಿ ಒಟಿಪಿ ಮೇಲೆ ಅಕ್ಕಿ ಸಿಗುವ ಹಾಗೆ ಆಯಿತು. ನಾವು ಆರು ತಿಂಗಳು ಹೊತ್ತ ಅಕ್ಕಿ ಆಕೆಯ ಹಕ್ಕಿನದ್ದೇ ಆಗಿತ್ತು. ಹೊಸಿಲು ದಾಟಿದ್ದರೆ ಮೊದಲ ತಿಂಗಳೇ ತಿಳಿಯುತ್ತಿತ್ತು.

ಬೈಬಲ್ಲಿನ ಪ್ರೇಷಿತರ ಕಾರ್ಯಗಳ ಆರನೇ ಅಧ್ಯಾಯದಲ್ಲಿ ಇದೇ ತೊಂದರೆ ಬರುತ್ತದೆ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಪ್ರೇಷಿತರು, ಅಂದರೆ ಯೇಸುವಿನ ಶಿಷ್ಯರು, ಹೋಗಲಿ ಬಿಡಿ ಅನ್ನಲಿಲ್ಲ, ಹಂಚುವ ವ್ಯವಸ್ಥೆಯನ್ನೇ ಬದಲಿಸಿ ಏಳು ಜನರನ್ನು ಆರಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಪಾತ್ರೆ ಸೌಟು ಕೊಟ್ಟರು ಅಂತ ನನಗೆ ಅನ್ನಿಸುತ್ತದೆ.

ಆದ್ದರಿಂದ ಅಜ್ಜನ ಕಾಗದಪತ್ರ ನೋಡಿ. 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಎಂಬ ಸರ್ಕಾರದ ವೃದ್ಧರ ಪಿಂಚಣಿ ಇದೆ. ಲಕ್ವದಿಂದ ಕೈಕಾಲು ಬಿದ್ದವರಿಗೆ ಅಂಗವಿಕಲ ವೇತನ ಇದೆ, ಅದಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕು. ಯಾವುದು ಅನ್ವಯ ಅಂತ ನಾಡಕಚೇರಿಯಲ್ಲಿ ಕೇಳಿ. ನೀವು ಲೆಕ್ಕ ಬರೆಯುವವರು. ಅರ್ಜಿ ತುಂಬಿಸುವುದು, ಜೆರಾಕ್ಸ್ ಜೋಡಿಸುವುದು, ರಸೀದಿ ಇಟ್ಟುಕೊಂಡು ಬೆನ್ನು ಹತ್ತುವುದು ನಿಮಗೆ ಬರುವ ಕೆಲಸ. ಏನೂ ಬರುವುದಿಲ್ಲ ಅಂತ ಮಾತ್ರ ಬರೆಯಬೇಡಿ.


ಶಿವಮೊಗ್ಗ_ಓದುಗ:

ನಾನು ಕ್ರೈಸ್ತನಲ್ಲ. ನಮ್ಮದು ಲಿಂಗಾಯತ ಮನೆ, ದಾಸೋಹ ನೋಡಿಕೊಂಡು ಬೆಳೆದವನು. ನಿಮ್ಮೆಲ್ಲರ ಮಾತು ಓದಿ ಮನಸ್ಸು ತುಂಬಿತು. ಆದರೂ ಒಂದು ಮಾತು ಕೇಳದೆ ಇರಲಾರೆ. ಬೇಸರ ಮಾಡಿಕೊಳ್ಳಬೇಡಿ.

ನಾಲ್ಕು ವರ್ಷದ ಹಿಂದೆ ನನ್ನ ತಾಯಿ ಆಸ್ಪತ್ರೆಯಲ್ಲಿದ್ದರು, ಕೊನೆಯ ದಿನಗಳು. ಇಬ್ಬರು ಬಂದು ಹಣ್ಣು ಕೊಟ್ಟರು. ಅಮ್ಮನಿಗೆ ಖುಷಿಯಾಯಿತು. ಆಮೇಲೆ ನಮ್ಮನ್ನು ಕೇಳದೆ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಹೋಗುವಾಗ ದಿಂಬಿನ ಕೆಳಗೆ ಒಂದು ಕರಪತ್ರ ಇಟ್ಟು ಹೋದರು. ಅಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಆ ಹಣ್ಣನ್ನು ಮುಟ್ಟಲಿಲ್ಲ. ಆ ಮುಷ್ಟಿ ನನಗೆ ಇನ್ನೂ ಕಣ್ಣ ಮುಂದಿದೆ. ಸೇವೆಯ ಹಿಂದೆ ಲೆಕ್ಕ ಇದೆ ಅಂತ ಅನ್ನಿಸಿದರೆ ತಗೊಳ್ಳುವವರಿಗೆ ಅದು ಭಾರ. ಆ ಅಜ್ಜ ಅಜ್ಜಿಗೂ ಹೀಗೆ ಅನ್ನಿಸಬಹುದಲ್ಲವಾ?


ನಿವೃತ್ತ_ಸಿಸ್ಟರ್_ಗದಗ:

ಶಿವಮೊಗ್ಗದ ಅಣ್ಣಾ, ನಿಮ್ಮ ತಾಯಿಯವರಿಗೆ ಹಾಗಾದದ್ದು ತಪ್ಪು. ಅವರ ಪರವಾಗಿ ಮಾತಾಡಲು ನಾನು ಯಾರೂ ಅಲ್ಲ, ಆದರೂ ಒಬ್ಬ ಕ್ರೈಸ್ತಳಾಗಿ ಕ್ಷಮೆ ಕೇಳುತ್ತೇನೆ. ಹಾಸಿಗೆಯಲ್ಲಿ ಇರುವವರು ಎದ್ದು ಹೋಗಲಾರರು. ಅವರನ್ನು ಕೇಳದೆ ಏನೂ ಮಾಡಬಾರದು. ಇಂಜೆಕ್ಷನ್ ಕೊಡುವಾಗಲೂ ನಾವು ಹೇಳಿಯೇ ಕೊಡುತ್ತೇವೆ.

ಆ ಸಾಮ್ಯದಲ್ಲಿ ಸಮಾರ್ಯದವನು ಗಾಯಗೊಂಡವನಿಗೆ ತನ್ನ ಹೆಸರನ್ನೂ ಹೇಳುವುದಿಲ್ಲ. ಸಮಾರ್ಯದವರು ಒಂದು ಬೆಟ್ಟದಲ್ಲಿ ಆರಾಧಿಸುತ್ತಿದ್ದರು, ಯೆಹೂದ್ಯರು ಯೆರೂಸಲೇಮಿನಲ್ಲಿ. ದೊಡ್ಡ ಜಗಳ ಅದು. ಛತ್ರದಲ್ಲಿ ಆ ರಾತ್ರಿ ಅದರ ಮಾತು ಬಂತು ಅಂತ ಯೇಸು ಹೇಳಲಿಲ್ಲ. ಗುಣವಾದ ಮೇಲೆ ನಮ್ಮ ಬೆಟ್ಟಕ್ಕೆ ಬಾ ಅಂತ ಕರಾರು ಇಲ್ಲ. ಮತ್ತಾಯ 25ರಲ್ಲೂ ನೀತಿವಂತರು ಬೆರಗಾಗಿ ಕೇಳುತ್ತಾರೆ, ಸ್ವಾಮಿ, ನಾವು ನಿನ್ನನ್ನು ಯಾವಾಗ ನೋಡಿದೆವು ಅಂತ. ಅವರು ಲೆಕ್ಕ ಇಟ್ಟಿರಲೇ ಇಲ್ಲ.

ನಾನು ನನ್ನ ನಂಬಿಕೆಯನ್ನು ಬಚ್ಚಿಡುವುದಿಲ್ಲ. ಯಾರಾದರೂ ಕೇಳಿದರೆ ಸಂತೋಷವಾಗಿ ಹೇಳುತ್ತೇನೆ. ವಾರ್ಡಿನಲ್ಲಿ ಒಬ್ಬ ಅಜ್ಜ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳಲು ಕೈ ಎತ್ತಲಾರದೆ ಒದ್ದಾಡುತ್ತಿದ್ದರು. ನಾನೇ ಹಚ್ಚಿದೆ. ಮೂರು ಬೆರಳು ಹೇಗೆ ಎಳೆಯಬೇಕು ಅಂತ ಅವರೇ ಹೇಳಿಕೊಟ್ಟರು. ಇಪ್ಪತ್ತು ದಿನ ಹಚ್ಚಿದೆ. ಅದರಿಂದ ನನ್ನ ಕರ್ತನು ಬೇಸರಪಟ್ಟಿರುತ್ತಾನೆ ಅಂತ ನಾನು ನಂಬುವುದಿಲ್ಲ.


ಶಿವಮೊಗ್ಗ_ಓದುಗ:

ಸಿಸ್ಟರ್, ಅಮ್ಮ ಇದ್ದಿದ್ದರೆ ನಿಮ್ಮ ಈ ಮಾತನ್ನು ಓದಿ ಹೇಳುತ್ತಿದ್ದೆ. ನಮಸ್ಕಾರ.


ದಾವಣಗೆರೆ_ಓದುಗಿ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮೊದಲ ವಾರ ಹೋಗಲಿಲ್ಲ. ಹಿಂದಿನ ಗಲ್ಲಿಯಿಂದಲೇ ಓಡಾಡಿದೆ. ಅದನ್ನೂ ಹೇಳಿಬಿಡುತ್ತೇನೆ.

ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಗೆಳತಿಯನ್ನು ಕರೆದುಕೊಂಡು ನೇರ ಹೋದೆ. ಅಜ್ಜಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಮೊದಲು ಸುಮ್ಮನಿದ್ದರು. "ಅಜ್ಜಿ, ಅವತ್ತು ಚಾ ಕುಡೀದೆ ಹೋಗಿದ್ದೆ. ಇವತ್ತು ಕುಡಿಯೋಣ ಅಂತ ಬಂದೆ" ಅಂದೆ. ಅವರ ಕಣ್ಣು ತುಂಬಿತು. ಸಿಸ್ಟರ್, ನೀವು ಹೇಳಿದ್ದು ನಿಜ. ತಮ್ಮ ಮನೆಯದ್ದು ಅಂತ ನಾನು ಕುಡಿಯಲಿಲ್ಲ ಅಂತಲೇ ಅವರು ತಿಳಿದುಕೊಂಡಿದ್ದರು. ನಾನು ವಾಸನೆ ತಡೆಯಲಾರದೆ ಓಡಿದ್ದು ಅಂತ ಹೇಳಿಬಿಟ್ಟೆ. "ಅಷ್ಟೇನಾ ತಾಯಿ" ಅಂದರು. ಸ್ಟೀಲ್ ಲೋಟದಲ್ಲಿ ಬೆಲ್ಲದ ಚಹಾ. ಕುಡಿದೆವು.

ವಾಸನೆ ಇದ್ದೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಗಮನಕ್ಕೆ ಬರಲಿಲ್ಲ. ನಾವಿಬ್ಬರೂ ಅಜ್ಜನನ್ನು ಮಗ್ಗುಲು ಹೊರಳಿಸಿದೆವು, ಮೊದಲ ಸಲ ಸರಿಯಾಗಿ ಆಗಲಿಲ್ಲ, ಅಜ್ಜಿಯೇ ತೋರಿಸಿದರು. ಬೆನ್ನಿನಲ್ಲಿ ಎರಡು ಕಡೆ ಹುಣ್ಣು. ಸೋಮವಾರ ಅರ್ಧ ದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗೆಳತಿಯ ಅಣ್ಣನ ಆಟೋ. ಡ್ರೆಸ್ಸಿಂಗ್ ಹೇಗೆ ಮಾಡಬೇಕು ಅಂತ ಅಲ್ಲಿನ ಸಿಸ್ಟರ್ ತೋರಿಸಿಕೊಟ್ಟರು.

ಈಗ ಭಾನುವಾರ ಹನ್ನೆರಡೂವರೆಯಿಂದ ಮೂರರ ತನಕ ನಾವಿಬ್ಬರು ಅಲ್ಲಿರುತ್ತೇವೆ. ಅಷ್ಟು ಹೊತ್ತು ಅಜ್ಜಿ ಮಲಗುತ್ತಾರೆ. ಹೋದ ಭಾನುವಾರ ಗೋಡೆ ಕಡೆ ತಿರುಗಿ ಎರಡು ಗಂಟೆ ಅಲ್ಲಾಡದೆ ನಿದ್ದೆ ಮಾಡಿದರು. ಎಂಟು ತಿಂಗಳಲ್ಲಿ ಅಷ್ಟು ಹೊತ್ತು ಒಟ್ಟಿಗೆ ಮಲಗಿದ್ದು ಅದೇ ಮೊದಲಂತೆ.

ಮಂಗಳೂರಿನ ಅಣ್ಣನಿಗೆ, ನಾಡಕಚೇರಿಗೆ ಹೋಗಿದ್ದೆ. ಆಧಾರಿನಲ್ಲಿ ಅಜ್ಜನ ವಯಸ್ಸು 58 ಅಂತಿದೆ. ಅಜ್ಜಿಯ ಪ್ರಕಾರ ಎಪ್ಪತ್ತು ದಾಟಿದೆ. ಹಾಗಾಗಿ ಸಂಧ್ಯಾ ಸುರಕ್ಷಾ ಸದ್ಯಕ್ಕೆ ಆಗಲ್ಲ. ಯುಡಿಐಡಿಗೆ ಅರ್ಜಿ ಹಾಕಿದ್ದೇನೆ, ರಸೀದಿ ನನ್ನ ಹತ್ತಿರ ಇದೆ.

ಸಭೆಯ ಹಿರಿಯರಿಗೆ ಮತ್ತೆ ಏನೂ ಹೇಳಲಿಲ್ಲ. ಆದರೆ ಸಂಡೇ ಸ್ಕೂಲಿನ ಆ ಹುಡುಗನಿಗೆ ಹೇಳಿದೆ. ಅವತ್ತು ನಾನು ಹೇಳಿದ್ದು ಸುಳ್ಳು ಕಣೋ, ನಮ್ಮ ಬೀದಿಯಲ್ಲೇ ಒಬ್ಬರು ಇದ್ದರು ಅಂತ. ಅವನು "ಈಗ ಹೋಗ್ತೀರಾ?" ಅಂದ. ಹೌದು ಅಂದೆ. ತಾನೂ ಬರುತ್ತೇನೆ ಅಂದ. ಅವನ ಅಮ್ಮನನ್ನು ಕೇಳಬೇಕು.

ಒಂದು ವಿಷಯ ಬರೆಯಲೇಬೇಕು. ನಾನು ಅಜ್ಜನ ಅಂಗಿ ಮಡಚುತ್ತಿದ್ದೆ. ಅಜ್ಜ ಎಡಗೈ ಎತ್ತಿ "ಊಂ, ಊಂ" ಅಂದರು. ಏನೋ ನೋವಾಯಿತು ಅಂದುಕೊಂಡೆ. ನೋವಲ್ಲ. ಮಡಚಿದ್ದು ತಪ್ಪಾಗಿತ್ತು. ಎಡಗೈಯಿಂದಲೇ ಕಾಲರ್ ಹಿಡಿದು, ತೋಳನ್ನು ಹಿಂದಕ್ಕೆ ಹಾಕಿ, ಹೇಗೆ ಅಂತ ತೋರಿಸಿದರು. ಈಗ ಪ್ರತಿ ವಾರ ಒಂದೊಂದು ಬಟ್ಟೆ ಕಲಿಸುತ್ತಿದ್ದಾರೆ. ಈ ವಾರ ಸೀರೆ.

ಸಿಸ್ಟರ್, ಒಂದು ಸಹಾಯ. ಬೆನ್ನಿನ ಹುಣ್ಣು ಒಣಗುತ್ತಾ ಇದೆ. ಆದರೆ ಬಲಗಾಲಿನ ಹಿಮ್ಮಡಿ ಕೆಂಪಾಗಿದೆ. ಒತ್ತಿ ಬಿಟ್ಟರೆ ಕೆಂಪು ಹೋಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಹಿಮ್ಮಡಿಯ ಕೆಳಗೆ ದಿಂಬು ಇಟ್ಟಿದ್ದೇವೆ. ಸರಿನಾ?


ನಿವೃತ್ತ_ಸಿಸ್ಟರ್_ಗದಗ:

ಇವತ್ತೇ ತೆಗೆಯಿರಿ. ದಿಂಬು ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗೆ ಉದ್ದಕ್ಕೆ ಇಡಬೇಕು. ಹಿಮ್ಮಡಿ ಯಾವುದಕ್ಕೂ ತಾಗದೆ ಗಾಳಿಯಲ್ಲಿರಬೇಕು, ಕೆಳಗೆ ನಿಮ್ಮ ಬೆರಳು ಸರಾಗವಾಗಿ ಆಡುವಷ್ಟು. ಒತ್ತಿದಾಗ ಕೆಂಪು ಹೋಗುತ್ತಿದೆಯಲ್ಲ, ಇನ್ನೂ ತಡವಾಗಿಲ್ಲ. ಅಜ್ಜಿಗೂ ತೋರಿಸಿಕೊಡಿ. ನಾಳೆ ಸಂಜೆ ಹೇಗಿದೆ ಅಂತ ಬರೆಯಿರಿ, ನಾನು ನೋಡುತ್ತೇನೆ.